ಮೂರನೇ ಯಜಮಾನನಿಗೆ ಬಾರದ ಕಾಗದ

ನಮ್ಮ ಕಡೆ ಗಾಡಿಯ ವಿಷಯದಲ್ಲಿ ‘ರೀಕಾಲ್’ ಎನ್ನುವ ಮಾತು ಬಂದರೆ ಜನ ದನಿ ತಗ್ಗಿಸುತ್ತಾರೆ, ಗೊತ್ತಾಗಿದ್ದ ಸಂಬಂಧವೊಂದು ಮುರಿದುಬಿದ್ದ ಸುದ್ದಿ ಹೇಳುವ ಹಾಗೆ. “ಅವರ ಗಾಡಿ ರೀಕಾಲ್ ಆಗಿತ್ತಂತೆ ಮಾರಾಯ್ರೆ, ಗೊತ್ತಿಲ್ವಾ?” ಎಂದು ಯಾರಾದರೂ ಕೇಳಿದರೆ ಆ ಗಾಡಿಯ ಬೆಲೆ ನಿಂತಲ್ಲೇ ಇಪ್ಪತ್ತು ಸಾವಿರ ಇಳಿಯಿತು ಅಂತಲೇ ಲೆಕ್ಕ. ಪತ್ರಿಕೆಯವರು ಬೇರೆ ‘ಇಷ್ಟು ಸಾವಿರ ಕಾರು ವಾಪಸ್ ಪಡೆದ ಕಂಪನಿ’ ಎಂದು ತಲೆಬರಹ ಹಾಕುತ್ತಾರೆ. ಅದನ್ನು ಓದಿ, ಕಂಪನಿಯವರು ಲಾರಿ ತಂದು ಕಾರನ್ನು ಹೇರಿಕೊಂಡು ಹೋಗಿ ದುಡ್ಡು ಎಣಿಸಿ ಕೊಡುತ್ತಾರೆ ಎಂದುಕೊಂಡವರೂ ಇದ್ದಾರೆ. ಕಳಸದ ಹೋಟೆಲೊಂದರಲ್ಲಿ ಒಬ್ಬರು, “ನಂದೂ ವಾಪಸ್ ತಗೊಳ್ಳಲಿ, ಎರಡು ಲಕ್ಷ ಕೊಟ್ರೆ ಈಗಲೇ ಕೀ ಕೊಡ್ತೇನೆ” ಎಂದು ಎದ್ದು ನಿಂತಿದ್ದರು.

ವಿಷಯ ಇಷ್ಟೆ. ಕಾರು ಮಾರಾಟವಾಗಿ ರಸ್ತೆಗಿಳಿದ ಮೇಲೆ, ಅದರ ಯಾವುದೋ ಒಂದು ಭಾಗ ಹುಟ್ಟಿನಿಂದಲೇ ಸರಿಯಿಲ್ಲ, ಅದರಿಂದ ಅಪಾಯವಾಗಬಹುದು ಎಂದು ಕಂಪನಿಗೆ ತಿಳಿಯುತ್ತದೆ. ಆ ಭಾಗ ಯಾವ ದಿನಾಂಕದಿಂದ ಯಾವ ದಿನಾಂಕದೊಳಗೆ ತಯಾರಾದ ಗಾಡಿಗಳಿಗೆ ಸೇರಿದೆ ಎಂದು ಪಟ್ಟಿ ಮಾಡುತ್ತಾರೆ. ಅವನ್ನು ಸರ್ವಿಸ್ ಸೆಂಟರಿಗೆ ಕರೆಸಿ, ಪರೀಕ್ಷೆ ಮಾಡಿ, ಬೇಕಿದ್ದರೆ ಭಾಗ ಬದಲಾಯಿಸಿ ಕಳಿಸುತ್ತಾರೆ. ಮಾಲೀಕ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. 2023ರ ಜುಲೈಯಲ್ಲಿ ಮಾರುತಿ ಸುಜುಕಿಯವರು ಎಸ್-ಪ್ರೆಸ್ಸೊ ಮತ್ತು ಈಕೋ ಸೇರಿ 87,599 ಗಾಡಿಗಳನ್ನು ಕರೆಸಿದ್ದು ಸ್ಟೀರಿಂಗಿನ ಟೈ ರಾಡ್ ಎಂಬ ಒಂದು ಸರಳಿಗಾಗಿ. 2021ರ ಜುಲೈ 5ರಿಂದ 2023ರ ಫೆಬ್ರವರಿ 15ರವರೆಗೆ ತಯಾರಾದ ಗಾಡಿಗಳು ಅವು. ಅಪರೂಪಕ್ಕೆ ಆ ಸರಳು ಮುರಿಯಬಹುದು ಎಂದು ಕಂಪನಿಯೇ ಹೇಳಿತ್ತು. ಬಯಲುಸೀಮೆಯ ನೇರ ರಸ್ತೆಯಲ್ಲಿ ಕೂತು ಈ ‘ಅಪರೂಪಕ್ಕೆ’ ಎನ್ನುವ ಮಾತು ಓದುವುದು ಒಂದು ಥರ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ತಿರುವಿಗೆ ಇಳಿಯುವಾಗ ಅದು ನೆನಪಾಗುವುದು ಇನ್ನೊಂದು ಥರ. ಈಕೋ ಎಂದರೆ ನಮ್ಮಲ್ಲಿ ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಹೊರನಾಡಿಗೆ ಹೋಗುವ ಯಾತ್ರಿಕರು, ಮದುವೆ ಮನೆಯ ಪಾತ್ರೆ, ಎಲ್ಲವೂ.

ಬೈಕಿನವರೂ ಇದರಿಂದ ಹೊರತಲ್ಲ. 2021ರ ಡಿಸೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್ 26,300 ಕ್ಲಾಸಿಕ್ 350 ಬೈಕುಗಳನ್ನು ಕರೆಸಿತು. ಹಿಂದಿನ ಬ್ರೇಕನ್ನು ಜೋರಾಗಿ ಒತ್ತಿದರೆ ಅಲ್ಲಿಯ ಒಂದು ಬ್ರಾಕೆಟ್ ಹಾಳಾಗಬಹುದು ಎನ್ನುವುದು ಕಾರಣ. ಶನಿವಾರ ಬೆಳಗಾದರೆ ಬೆಂಗಳೂರಿನಿಂದ ಹೊರಟು ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಿ ಹಿಂದಿನ ಬ್ರೇಕಿನ ಮೇಲೇ ಕಾಲಿಟ್ಟು ಬರುವ ಹುಡುಗರನ್ನು ಕಂಡಾಗೆಲ್ಲ ನನಗೆ ಆ ಬ್ರಾಕೆಟ್ ನೆನಪಾಗುತ್ತದೆ.

ಇರಲಿ. ನಾನು ಹೇಳಬೇಕೆಂದಿರುವುದು ಕಂಪನಿಗಳು ಕಾರನ್ನು ಎಷ್ಟು ಕೆಟ್ಟದಾಗಿ ಮಾಡುತ್ತವೆ ಎಂದಲ್ಲ. ದೋಷ ಒಪ್ಪಿಕೊಂಡು ಕರೆಸುವ ಕಂಪನಿ, ಸುಮ್ಮನಿರುವ ಕಂಪನಿಗಿಂತ ಸಾವಿರ ಪಾಲು ಮೇಲು ಅಂತಲೇ ನನ್ನ ಅಭಿಪ್ರಾಯ. ನನ್ನ ತಕರಾರಿರುವುದು ಆ ಕರೆಯ ಕಾಗದ ಹೋಗುವ ದಾರಿಯ ಬಗ್ಗೆ.

ಕಾಗದ ಹೋಗುವುದು ಕಂಪನಿಯ ಪುಸ್ತಕದಲ್ಲಿರುವ ಹೆಸರಿಗೆ. ಆ ಹೆಸರು ಸಾಮಾನ್ಯವಾಗಿ ಕಾರನ್ನು ಹೊಸದಾಗಿ ಕೊಂಡವರದ್ದು. ನಮ್ಮ ಕಾಫಿ ಸೀಮೆಯಲ್ಲಿ ಹೊಸ ಕಾರು ಕೊಳ್ಳುವವರು ಇಲ್ಲವೆಂದಲ್ಲ. ಆದರೆ ನಮ್ಮ ಊರಿನ ಬಸ್‌ಸ್ಟ್ಯಾಂಡಿನ ಪಕ್ಕ ಅರ್ಧ ಗಂಟೆ ನಿಂತು ನಂಬರ್ ಪ್ಲೇಟುಗಳನ್ನು ನೋಡಿ. ನಮ್ಮ ಜಿಲ್ಲೆಯ ಕೆಎ 18ರ ನಡುವೆ ಬೆಂಗಳೂರಿನ 01, 03, 05, ಹಾಸನದ 13, ಮಂಗಳೂರಿನ 19 ಎಷ್ಟು ಬರುತ್ತವೆ ಎಂದು ಲೆಕ್ಕ ಹಾಕಿ. ಪೇಟೆಯಲ್ಲಿ ನಾಲ್ಕು ವರ್ಷ ಓಡಿ, ಬ್ರೋಕರ್ ಕೈಗೆ ಬಂದು, ಅಲ್ಲಿಂದ ಹಾಸನದ ಒಬ್ಬರ ಹತ್ತಿರ ಎರಡು ವರ್ಷ ಇದ್ದು, ಒಳ್ಳೆಯ ಕಾಫಿ ರೇಟು ಬಂದ ವರ್ಷ ಮೂಡಿಗೆರೆಗೋ ಕಳಸಕ್ಕೋ ಹತ್ತಿ ಬಂದ ಕಾರುಗಳು ಅವು. ಕಂಪನಿಯ ಕಾಗದ ಜಯನಗರದ ಯಾವುದೋ ಮನೆಯ ಬಾಗಿಲು ತಟ್ಟಿ ವಾಪಸಾಗುತ್ತದೆ. ಎಸ್ಸೆಮ್ಮೆಸ್ಸು ಬದಲಾಗಿಹೋದ ಫೋನ್ ನಂಬರಿಗೆ ಹೋಗುತ್ತದೆ. ಕಾರು ಮಾತ್ರ ಬಾಳೆಹೊಳೆಯ ಸೇತುವೆ ದಾಟಿ ಗೊಬ್ಬರದ ಚೀಲ ಹೊತ್ತು ಸಾಗುತ್ತಿರುತ್ತದೆ.

ಎರಡನೆಯ ದಾರಿ ಸರ್ವಿಸ್ ಸೆಂಟರ್. ಕಾರು ಮಾಮೂಲಿ ಸರ್ವಿಸಿಗೆ ಹೋದರೆ ಅವರ ಕಂಪ್ಯೂಟರೇ ‘ಇದಕ್ಕೆ ಒಂದು ಕೆಲಸ ಬಾಕಿಯಿದೆ’ ಎಂದು ತೋರಿಸುತ್ತದೆ. ಎಷ್ಟೋ ಸಲ ಮಾಲೀಕರಿಗೆ ಗೊತ್ತಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ಆದರೆ ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು ತೊಂಬತ್ತು ಕಿಲೋಮೀಟರು. ವಾರಂಟಿ ಮುಗಿದ ಮರುದಿನದಿಂದ ನಮ್ಮವರೆಲ್ಲ ಹೋಗುವುದು ಊರಿನ ಮೆಕ್ಯಾನಿಕ್ ಹತ್ತಿರ. ಅವರನ್ನು ನಾನು ಹಗುರವಾಗಿ ಮಾತಾಡುವವನಲ್ಲ. ನಮ್ಮ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲವರು. ಮಳೆಗಾಲದಲ್ಲಿ ಬ್ರೇಕ್ ಡ್ರಮ್ಮಿಗೆ ಕೆಸರು ಕೂರುವುದು, ಕಣದ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿಯುವುದು, ಇವಕ್ಕೆಲ್ಲ ಅವರೇ ಧನ್ವಂತರಿ. (ಇಲಿ ಕಡಿದದ್ದಕ್ಕೆ ಯಾವ ಕಂಪನಿಯೂ ರೀಕಾಲ್ ಮಾಡುವುದಿಲ್ಲ ಬಿಡಿ.) ಆದರೆ ಹೊರಗಿನಿಂದ ಸರಿಯಾಗಿಯೇ ಕಾಣುವ, ಇನ್ನೂ ಕೆಟ್ಟೇ ಇಲ್ಲದ ಒಂದು ಭಾಗ ದೋಷದ್ದು ಎಂದು ಅವರಿಗೆ ಹೇಳುವವರು ಯಾರು? ಕಂಪನಿಯ ಪಟ್ಟಿ ಅವರ ಕೈಗೆ ಬರುವುದಿಲ್ಲ.

ಅಕ್ಕನ ಮನೆಯ ಕಾರಿನ ಕತೆ ಹೇಳಿದರೆ ಇದು ಸರಿಯಾಗಿ ಅರ್ಥವಾಗುತ್ತದೆ. ಭಾವ ಮಂಗಳೂರಿನಿಂದ ಒಂದು ಹಳೆಯ ಸೆಡಾನ್ ತಂದರು. ಕಂಪನಿ ಯಾವುದೆಂಬುದು ಇಲ್ಲಿ ಬೇಡ. ಭಾವ ಅದಕ್ಕೆ ಮೂರನೇ ಯಜಮಾನ. ಕಾರು ಚೆನ್ನಾಗಿತ್ತು, ಸೀಟಿನ ಪ್ಲಾಸ್ಟಿಕ್ಕನ್ನೇ ಬಿಚ್ಚಿರಲಿಲ್ಲ ಎನ್ನಬೇಕು ಹಾಗೆ. ಒಂದು ಸಂಜೆ ಅವರ ಆರ್‌ಸಿ ಕಾರ್ಡು ತೆಗೆದುಕೊಂಡು, ಅದರಲ್ಲಿದ್ದ ಚಾಸಿ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿದೆ. ಪುಟ ತೆರೆಯಲು ಅವರ ಮನೆಯ ಹಿಂದಿನ ದಿಣ್ಣೆ ಹತ್ತಬೇಕಾಯಿತು, ಅಲ್ಲಿ ಮಾತ್ರ ಸಿಗ್ನಲ್. ಮುಂದಿನ ಎಡ ಸೀಟಿನ ಏರ್‌ಬ್ಯಾಗಿನ ಒಂದು ಭಾಗ ಬದಲಾಯಿಸುವುದು ಬಾಕಿ ಎಂದು ಬಂತು.

“ಹತ್ತು ವರ್ಷ ಓಡಿದೆ, ಏನೂ ಆಗ್ಲಿಲ್ವಲ್ಲ. ಏರ್‌ಬ್ಯಾಗು ಇಲ್ದೆ ನಾವು ಇಷ್ಟು ವರ್ಷ ಜೀಪಲ್ಲಿ ಓಡಾಡಿಲ್ವಾ?” ಎಂದರು ಭಾವ. ಮಾತು ಸುಳ್ಳಲ್ಲ. ಆದರೆ ಇಲ್ಲದ ಏರ್‌ಬ್ಯಾಗು ಬೇರೆ, ಕೆಟ್ಟ ಏರ್‌ಬ್ಯಾಗು ಬೇರೆ. ಅವರಿಗೆ ಟಕಾಟದ ಕತೆ ಹೇಳಿದೆ. ಅವರ ಕಾರಿನಲ್ಲಿದ್ದದ್ದು ಯಾರು ಮಾಡಿದ ಭಾಗವೆಂದು ಆ ಪುಟದಲ್ಲಿರಲಿಲ್ಲ. ಏರ್‌ಬ್ಯಾಗ್ ಕೆಟ್ಟರೆ ಏನಾಗಬಹುದು ಎಂಬುದಕ್ಕೆ ಜಗತ್ತು ಕಂಡ ದೊಡ್ಡ ಉದಾಹರಣೆ ಅದು ಎಂದು ಹೇಳಿದೆ, ಅಷ್ಟೆ.

ಏರ್‌ಬ್ಯಾಗೆಂದರೆ ಮಡಚಿಟ್ಟ ಒಂದು ಬಟ್ಟೆಯ ಚೀಲ. ಅದರ ಹಿಂದೆ ಲೋಹದ ಡಬ್ಬಿ, ಡಬ್ಬಿಯೊಳಗೆ ಉರಿಯುವ ಮದ್ದಿನ ಬಿಲ್ಲೆಗಳು. ಡಿಕ್ಕಿಯಾದ ಕ್ಷಣ ಬಿಲ್ಲೆಗಳು ಉರಿದು ಅನಿಲವಾಗಿ ಚೀಲ ಉಬ್ಬುತ್ತದೆ. ಜಪಾನಿನ ಟಕಾಟ ಕಂಪನಿ ಬಿಲ್ಲೆಗಳಿಗೆ ಅಮೋನಿಯಂ ನೈಟ್ರೇಟ್ ಬಳಸಿತ್ತು. ತೇವ ಹೀರಿಕೊಳ್ಳುವ ಪುಡಿಯಿಲ್ಲದ ಡಬ್ಬಿಗಳಲ್ಲಿ, ವರ್ಷಗಟ್ಟಲೆ ತೇವ ಮತ್ತು ಬಿಸಿ-ತಂಪಿನ ಏರಿಳಿತಕ್ಕೆ ಸಿಕ್ಕ ಬಿಲ್ಲೆಗಳು ಹದಗೆಟ್ಟು, ಉರಿಯಬೇಕಾದ ವೇಗಕ್ಕಿಂತ ಜೋರಾಗಿ ಉರಿಯತೊಡಗಿದವು. ಆಗ ಡಬ್ಬಿಯೇ ಒಡೆದು, ಲೋಹದ ಚೂರುಗಳು ಚೀಲ ಹರಿದು ಎದುರಿಗೆ ಕೂತವರ ಕತ್ತಿಗೆ, ಎದೆಗೆ ಬಡಿಯುತ್ತವೆ. ಬಿಸಿಯೂ ತೇವವೂ ಎರಡೂ ಇರುವ ಊರುಗಳಲ್ಲಿ ಅಪಾಯ ಹೆಚ್ಚು ಎಂದು ಅಮೆರಿಕದ ಸುರಕ್ಷತಾ ಇಲಾಖೆ ಪ್ರದೇಶವಾರು ವಿಂಗಡಣೆಯನ್ನೇ ಮಾಡಿತು. ಆ ಒಂದೇ ದೇಶದಲ್ಲಿ ಕರೆಸಿದ ಡಬ್ಬಿಗಳು ಸುಮಾರು 6 ಕೋಟಿ 70 ಲಕ್ಷ. 2014ರ ಜುಲೈಯಲ್ಲಿ ಮಲೇಷ್ಯಾದಲ್ಲಿ ತುಂಬು ಗರ್ಭಿಣಿಯೊಬ್ಬರು ಹೀಗೆ ತೀರಿಕೊಂಡರು. ಟಕಾಟ 2017ರ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮ ದೇಶದಲ್ಲಿ ಹೋಂಡಾ ಕಂಪನಿ ಇದೇ ಕಾರಣಕ್ಕೆ 2016ರ ಜುಲೈಯಲ್ಲಿ 1,90,578, 2017ರ ಜನವರಿಯಲ್ಲಿ 41,580, 2018ರ ಜನವರಿಯಲ್ಲಿ 22,834 ಕಾರುಗಳನ್ನು ಕರೆಸಿತು. ಒಂದೇ ಸಲಕ್ಕೆ ಮುಗಿಯಲಿಲ್ಲ ಎಂಬುದನ್ನು ಗಮನಿಸಿ. ‘ನನ್ನ ಕಾರಿನ ನಂಬರು ಹೋದ ವರ್ಷ ನೋಡಿದ್ದೆ, ಇರಲಿಲ್ಲ’ ಎಂದು ಕೂರುವ ಹಾಗಿಲ್ಲ.

ಭಾವನಿಗೆ ಅಂಕಿಸಂಖ್ಯೆ ತಾಗಲಿಲ್ಲ. ತಾಗಿದ್ದು ತೇವದ ಮಾತು. ಕಾಫಿ ಬೀಜದ ತೇವ ಹತ್ತು-ಹನ್ನೊಂದು ಶೇಕಡಕ್ಕೆ ಇಳಿಯುವವರೆಗೆ ಕಣದಲ್ಲಿ ಕಾಯುವ ಮನುಷ್ಯ ಅವರು. ಮಳೆಗಾಲದಲ್ಲಿ ಗೋದಾಮಿನ ಯೂರಿಯಾ ಚೀಲ ಹೇಗೆ ಕಲ್ಲಾಗುತ್ತದೆ ಎಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. “ಹಾಗಾದ್ರೆ ಈ ಕಾರು ಮಂಗಳೂರಿನ ಸೆಕೆಯಲ್ಲಿ ಎಷ್ಟು ವರ್ಷ ನಿಂತಿತ್ತೋ, ಆಮೇಲೆ ನಮ್ಮ ಮಳೆ ಬೇರೆ” ಎಂದು ಸುಮ್ಮನಾದರು. ಮರುದಿನ ಅವರೇ ಸರ್ವಿಸ್ ಸೆಂಟರಿಗೆ ಫೋನು ಮಾಡಿದರು.

ಅಲ್ಲಿ ಗೊತ್ತಾದದ್ದು: ಕಂಪನಿ ಮೂರು ಸಲ ಕಾಗದ ಕಳಿಸಿತ್ತು, ಮೂರೂ ಮೊದಲನೇ ಯಜಮಾನನ ಮಂಗಳೂರಿನ ವಿಳಾಸಕ್ಕೆ. ಭಾವನ ಹೆಸರು, ಫೋನು, ವಿಳಾಸ ಬರೆಸಿಕೊಂಡರು. ಸಾಮಾನು ತರಿಸಬೇಕು, ಮೂರು ವಾರ ಆಗಬಹುದು, ಅಲ್ಲಿಯವರೆಗೆ ಮುಂದಿನ ಎಡ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ ಎಂದರು. ಹೇಳಲು ಸುಲಭ. ಅಕ್ಕನಿಗೆ ಘಾಟಿಯಲ್ಲಿ ಹಿಂದೆ ಕೂತರೆ ತಲೆ ತಿರುಗಿ ವಾಂತಿ. ಮದುವೆಯಾದಾಗಿನಿಂದ ಮುಂದಿನ ಸೀಟು ಅವಳದ್ದು. ಆ ಮೂರು ವಾರದಲ್ಲಿ ಎರಡು ಸಲ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿತ್ತು. ಹಿಂದಿನ ಸೀಟಿನಲ್ಲಿ ನಿಂಬೆಹಣ್ಣು ಮೂಸುತ್ತಾ, ಮಾಗುಂಡಿಯಿಂದ ಆಲ್ದೂರಿನವರೆಗೆ ಕಣ್ಣು ಮುಚ್ಚಿಕೊಂಡು ಹೋದಳಂತೆ. “ಆ ಡಬ್ಬಿ ಒಡೆದು ಸತ್ರೂ ಪರವಾಗಿಲ್ಲ, ಮುಂದೆ ಕೂರ್ತೇನೆ ಅನ್ನಿಸ್ತು” ಎಂದು ಆಮೇಲೆ ನಕ್ಕಳು. ಭಾವ ಬಿಟ್ಟಿರಲಿಲ್ಲ. ಸಾಮಾನು ಬಂದದ್ದು ಐದನೇ ವಾರದಲ್ಲಿ, ಅದೂ ಕೊಯ್ಲಿನ ಗಡಿಬಿಡಿಯಲ್ಲಿ. ಕೆಲಸ ಬಿಟ್ಟಿ, ಹೋಗಿಬರುವ ನೂರೆಂಬತ್ತು ಕಿಲೋಮೀಟರಿನ ಪೆಟ್ರೋಲು ಮತ್ತು ಒಂದು ದಿನದ ಕೊಯ್ಲಿನ ಉಸ್ತುವಾರಿ ನಮ್ಮದು. ಬದಲಾಯಿಸಲು ಹಿಡಿದದ್ದು ಒಂದು ಊಟದ ಹೊತ್ತು.

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ. 2012ರವರೆಗೆ ಅದೂ ಇರಲಿಲ್ಲ. ಆ ವರ್ಷ ವಾಹನ ತಯಾರಕರ ಸಂಘ ಸಿಯಾಮ್ ತನ್ನಷ್ಟಕ್ಕೇ ಒಂದು ನೀತಿ ಮಾಡಿಕೊಂಡಿತು, ಸ್ವಯಂಪ್ರೇರಿತ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಎಂಬ ಕಲಮು ಸೇರಿಸಿ, ದೋಷದ ಗಾಡಿ ಕರೆಸಿ ಎಂದು ಕಂಪನಿಗೆ ಆದೇಶ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದಂಡ ಗಾಡಿಯ ಬಗೆ ಮತ್ತು ಸಂಖ್ಯೆ ನೋಡಿ 10 ಲಕ್ಷದಿಂದ 1 ಕೋಟಿಯವರೆಗೆ. ಮಾಲೀಕರು ಸರ್ಕಾರದ ಪೋರ್ಟಲಿನಲ್ಲಿ ದೂರು ಹಾಕಬಹುದು, ಒಂದೇ ಮಾದರಿಯ ಮೇಲೆ ಸಾಕಷ್ಟು ದೂರು ಬಿದ್ದರೆ ತನಿಖೆ. ಆದರೆ ಈ ನಿಯಮ ಏಳು ವರ್ಷದೊಳಗಿನ ಗಾಡಿಗಳಿಗೆ. ನಮ್ಮ ಬೆಟ್ಟಗಳಲ್ಲಿ ಎಷ್ಟೋ ಗಾಡಿಗಳ ಬಾಳು ಶುರುವಾಗುವುದೇ ಏಳನೇ ವರ್ಷದ ಮೇಲೆ! ಹಳೆಯ ಗಾಡಿಗೆ ಕಂಪನಿ ತಾನಾಗಿ ಕರೆದರೆ ಉಂಟು.

ಕಂಪನಿಯೇ ಊರು ಬಿಟ್ಟರೆ? 2013ರಲ್ಲಿ ಜನರಲ್ ಮೋಟಾರ್ಸ್ 1,14,000 ಟವೇರಾಗಳನ್ನು ಕರೆಸಿತ್ತು, ಹೊಗೆಯ ಪ್ರಮಾಣ ಮತ್ತು ತಾಂತ್ರಿಕ ಮಾನದಂಡದ ವಿಷಯಕ್ಕೆ. ನಾಲ್ಕು ವರ್ಷದ ನಂತರ ಅದು ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಹತ್ತು ಜನರನ್ನು ತುಂಬಿಕೊಂಡು ಕುದುರೆಮುಖದ ರಸ್ತೆ ಹತ್ತುವ ಟವೇರಾ ನಮ್ಮಲ್ಲಿ ಇವತ್ತಿಗೂ ಕಾಣುತ್ತದೆ.

ಕಾಗದ ಯಾರಿಗೆ ಬರುತ್ತದೆ ಎಂಬುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ಭಾವನ ಕಾರಿಗಿಂತ ಹೆಚ್ಚು ನನ್ನನ್ನು ಕೊರೆಯುತ್ತದೆ. ಎಸ್ಟೇಟಿನ ಪಿಕಪ್ಪು, ಜೀಪು, ವ್ಯಾನು ಇರುವುದು ಸಾಹುಕಾರರ ಹೆಸರಿನಲ್ಲಿ, ಇಲ್ಲವೇ ಕಂಪನಿಯ ಹೆಸರಿನಲ್ಲಿ. ಸಾಹುಕಾರರು ಬೆಂಗಳೂರಿನಲ್ಲಿ. ಕಾಗದ ಸರಿಯಾದ ವಿಳಾಸಕ್ಕೇ ಹೋದರೂ ಅದು ಅವರ ಮೇಜಿನ ಮೇಲೆ ಕರೆಂಟು ಬಿಲ್ಲಿನ ಕೆಳಗೆ ಇರುತ್ತದೆ. ಸ್ಟೀರಿಂಗ್ ಹಿಡಿದು ಕೂರುವವನು ಡ್ರೈವರ್, ಹಿಂದೆ ನಿಂತುಕೊಂಡು ಹೋಗುವವರು ಕೊಯ್ಲಿಗೆ ಬಂದ ಆಳುಗಳು. ಬ್ರೇಕು ಹಿಡಿಯದಿದ್ದರೆ, ಸರಳು ಮುರಿದರೆ ಹೋಗುವುದು ಅವರ ಜೀವ. ಆದರೆ ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ. ಅಪಘಾತವಾದ ಮೇಲೆ ಬರುವ ವರದಿಯಲ್ಲಿ ಮಾತ್ರ ‘ಚಾಲಕನ ಅಜಾಗರೂಕತೆ’ ಎಂದು ಅವನ ಹೆಸರೇ ಮೊದಲು.

ಪಕ್ಕದ ಎಸ್ಟೇಟಿನ ಡ್ರೈವರ್ ಒಬ್ಬರಿಗೆ ಇದನ್ನು ಹೇಳಿದೆ. “ನನ್ನ ಗಾಡಿಯಲ್ಲ ಸಾರ್, ನಾನು ಕೇಳಬಹುದಾ?” ಎಂದರು. ಖಂಡಿತ ಕೇಳಬಹುದು. ನಂಬರಿದ್ದರೆ ಯಾರು ಬೇಕಾದರೂ ನೋಡಬಹುದು. ಆಮೇಲೆ ಸಾಹುಕಾರರಿಗೆ ಆ ಪುಟದ ಫೋಟೋ ಕಳಿಸಿದರಾಯಿತು. ಇಂಥ ಫೋಟೋ ಫೋನಿಗೆ ಬಂದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎನ್ನುವುದು ಕಷ್ಟ.

ಅವತ್ತು ರಾತ್ರಿ ಅವರು ಇನ್ನೂ ಮೂವರನ್ನು ಕರೆದುಕೊಂಡು ಬಂದರು. ಜೋರು ಮಳೆ. ಒಬ್ಬರ ಹತ್ತಿರ ಆರ್‌ಸಿ ಇತ್ತು, ಒಬ್ಬರ ಹತ್ತಿರ ಇನ್ಶೂರೆನ್ಸ್ ಕಾಗದ. ಅದರಲ್ಲೂ ಚಾಸಿ ನಂಬರು ಇರುತ್ತದೆ. ಇನ್ನಿಬ್ಬರ ಹತ್ತಿರ ಏನೂ ಇರಲಿಲ್ಲ. ಟಾರ್ಚು ಹಿಡಿದು ಗಾಡಿಯ ಮೇಲೇ ಕೆತ್ತಿದ್ದನ್ನು ಹುಡುಕಿ, ಕೆಸರು ಒರೆಸಿ ಒಬ್ಬರು ಓದಿದರು, ನಾನು ಕಾಫಿ ಕ್ಯೂರಿಂಗಿನ ರಸೀತಿಯ ಹಿಂದೆ ಬರೆದುಕೊಂಡೆ. ಒಟ್ಟು ಹದಿನೇಳು ಅಕ್ಷರ ಮತ್ತು ಅಂಕಿ, ನಮ್ಮ ದೇಶದಲ್ಲಿ ತಯಾರಾದದ್ದಾದರೆ ಸಾಮಾನ್ಯವಾಗಿ ಇಂಗ್ಲಿಷಿನ ಎಂ ಅಕ್ಷರದಿಂದ ಶುರು. “ಇದು ಸೊನ್ನೆಯಾ, ಓ ನಾ ಸಾರ್?” ಎಂದು ಮಳೆಯಲ್ಲಿ ಕೂಗಿದರು. ಸೊನ್ನೆಯೇ. ಐ, ಓ, ಕ್ಯೂ ಈ ಮೂರು ಅಕ್ಷರಗಳನ್ನು ಚಾಸಿ ನಂಬರಿನಲ್ಲಿ ಬಳಸುವುದೇ ಇಲ್ಲ, ಇದೇ ಗೊಂದಲ ಆಗಬಾರದೆಂದು.

ಅವರಲ್ಲೊಬ್ಬರು, ತನಗೆ ಹಿಂದೊಮ್ಮೆ ಫೋನು ಬಂದಿತ್ತು, ಗಾಡಿಯ ಪಾರ್ಟು ಬದಲಾಯಿಸಬೇಕು, ಮೊದಲು ಎರಡು ಸಾವಿರ ಕಳಿಸಿ, ಒಟಿಪಿ ಹೇಳಿ ಎಂದಿದ್ದರು ಎಂದರು. ಪುಣ್ಯಕ್ಕೆ ಅವರ ಖಾತೆಯಲ್ಲಿ ಎರಡು ಸಾವಿರ ಇರಲಿಲ್ಲ. ರೀಕಾಲಿಗೆ ಯಾರಾದರೂ ದುಡ್ಡು ಕೇಳಿದರೆ ಅದು ಕಂಪನಿಯಲ್ಲ, ಫೋನು ಇಟ್ಟುಬಿಡಿ ಎಂದೆ.

ಇನ್ನೊಬ್ಬರದ್ದು ಬೇರೆ ಪ್ರಶ್ನೆ. ಹೋದ ವರ್ಷ ಅದೇ ಪಾರ್ಟು ಕೆಟ್ಟು ಸ್ವಂತ ದುಡ್ಡಿನಲ್ಲಿ ಹೊಸದು ಹಾಕಿಸಿದ್ದರೆ? ಆಗಲೂ ನೋಡಲೇಬೇಕು. 2024ರ ಅಕ್ಟೋಬರಿನಲ್ಲಿ ಹೋಂಡಾ ಫ್ಯುಯೆಲ್ ಪಂಪಿಗಾಗಿ 90,468 ಕಾರು ಕರೆಸಿದಾಗ, ಅದರಲ್ಲಿ 2,204 ಹಳೆಯ ಕಾರುಗಳು ಸೇರಿದ್ದು ಆ ಪಂಪನ್ನು ಅವಕ್ಕೆ ಬಿಡಿಭಾಗವಾಗಿ ಹಾಕಿದ್ದರಿಂದ. ಹೊಸದಾಗಿ ಹಾಕಿಸಿದ್ದೇ ದೋಷದ್ದಾಗಿರಬಹುದು. ಖರ್ಚು ಮಾಡಿದ ಬಿಲ್ಲನ್ನು ಎಸೆಯದೆ ಇಟ್ಟುಕೊಳ್ಳುವುದು ಒಳ್ಳೆಯದು, ಆಮೇಲೆ ಕೇಳಲು ಒಂದು ಆಧಾರ.

ಸಿಗ್ನಲ್ಲು ಬಂದು ಹೋಗುತ್ತಾ ನಾಲ್ಕೂ ನಂಬರು ಹಾಕಿ ಮುಗಿಸುವಾಗ ರಾತ್ರಿ ಹತ್ತೂವರೆ. ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದು, ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನು, ಅದರಲ್ಲಿ ಒಂದು ಕೆಲಸ ಬಾಕಿ ಎಂದು ತೋರಿಸಿತು. ಆ ಡ್ರೈವರ್ ಸ್ವಲ್ಪ ಹೊತ್ತು ಆ ಪರದೆಯನ್ನೇ ನೋಡಿದರು. ದುಡ್ಡು ಬೇಡ ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ದಿನದ ಲೆಕ್ಕ ಶುರುವಾಯಿತು. ಭಾನುವಾರ ಸರ್ವಿಸ್ ಸೆಂಟರಿಗೆ ರಜೆ. ಶನಿವಾರ ಅರ್ಧ ದಿನ ಶಾಲೆ. ಉಳಿದ ದಿನ ವ್ಯಾನು ಹೋದರೆ ಹನ್ನೊಂದು ಮಕ್ಕಳು ನಡೆದು ಬರಬೇಕು, ಹಳ್ಳ ತುಂಬಿದೆ. ಕೊನೆಗೆ ಬುಧವಾರ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಅಲ್ಲಿಂದಲೇ ಚಿಕ್ಕಮಗಳೂರಿಗೆ ಹೋಗುವುದು, ಸಂಜೆ ಅವರನ್ನು ತರಲು ಅಡಿಕೆ ವ್ಯಾಪಾರಿಯ ಹಳೇ ಜೀಪು ಕೇಳುವುದು ಎಂದಾಯಿತು. ಜೀಪಿಗೆ ಡೀಸೆಲ್ ಯಾರು ಹಾಕುವುದು ಎಂಬ ಮಾತು ನಡೆಯುತ್ತಿರುವಾಗಲೇ ಕರೆಂಟು ಹೋಯಿತು.